ಆರ್ದ್ರಾ ನಕ್ಷತ್ರ ಮಂಕಾದಾಗ ನಾನು ಬರಿಗಣ್ಣಲ್ಲಿ ಅಳೆದದ್ದು

2019ರ ಡಿಸೆಂಬರ್‌ನ ಒಂದು ರಾತ್ರಿ ಒರಾಯನ್ (ಬೇಟೆಗಾರ) ನಕ್ಷತ್ರಪುಂಜದ ಕೆಂಪು ಭುಜ ಕಳೆಗುಂದಿತ್ತು. ಆ ಭುಜವೇ ಆರ್ದ್ರಾ, ಅಂದರೆ ಬೀಟಲ್‌ಜ್ಯೂಸ್. ತೆಳು ಮೋಡ ಇರಬೇಕು ಅಂದುಕೊಂಡೆ. ಮರುದಿನವೂ ಹಾಗೇ ಇತ್ತು. ಅವತ್ತಿಂದ ಅದರ ಬೆಳಕನ್ನು ನೋಟ್‌ಬುಕ್‌ನಲ್ಲಿ ಬರೆದಿಡಲು ಶುರು ಮಾಡಿದೆ.

ಹೋಲಿಸಲು ರೋಹಿಣಿ ಮತ್ತು ಬೆಲಾಟ್ರಿಕ್ಸ್ ನಕ್ಷತ್ರಗಳನ್ನು ಇಟ್ಟುಕೊಂಡೆ. ರೋಹಿಣಿಯ ಕಾಂತಿಮಾನ (ಹೊಳಪಿನ ಅಳತೆ) ಸುಮಾರು 0.9, ಬೆಲಾಟ್ರಿಕ್ಸ್‌ನದು 1.6. ಸಂಖ್ಯೆ ಜಾಸ್ತಿಯಾದಷ್ಟೂ ನಕ್ಷತ್ರ ಮಂಕು. ಇವೆರಡರ ನಡುವಿನ ಅಂತರವನ್ನು ಮನಸ್ಸಲ್ಲೇ ಹತ್ತು ಭಾಗ ಮಾಡಿ, ರೋಹಿಣಿಯಿಂದ ಎಣಿಸಿದರೆ ಆರ್ದ್ರಾ ಎಷ್ಟನೇ ಭಾಗದಲ್ಲಿದೆ ಅಂತ ನೋಡಬೇಕು. ಡಿಸೆಂಬರ್ ಕೊನೆಯಲ್ಲಿ ನಾನು ಬರೆದದ್ದು: "6 ಭಾಗ, ಸುಮಾರು 1.3."

ಮೊದಲ ವಾರದ ಅಂದಾಜುಗಳನ್ನು ಮಾತ್ರ ಹೊಡೆದುಹಾಕಬೇಕಾಯಿತು. ಕೆಂಪು ನಕ್ಷತ್ರವನ್ನು ಎವೆಯಿಕ್ಕದೆ ನೋಡುತ್ತಿದ್ದರೆ ಅದು ಇರುವುದಕ್ಕಿಂತ ಹೆಚ್ಚು ಬೆಳಗಿದಂತೆ ಕಾಣುತ್ತದೆ. ಸುಮ್ನೆ ಒಂದೆರಡು ಕ್ಷಣ ಕಣ್ಣು ಹಾಯಿಸಿ, ಪಕ್ಕದ್ದಕ್ಕೆ ಹೋಗಿ, ಮತ್ತೆ ವಾಪಸ್ ಬರಬೇಕು. ದಿಗಂತಕ್ಕೆ ಹತ್ತಿರ ಇದ್ದಾಗ ಅಳೆಯಲೇಬಾರದು, ಅಲ್ಲಿ ಗಾಳಿಯೇ ಬೆಳಕನ್ನು ನುಂಗುತ್ತದೆ.

ಬರೆಯುತ್ತಾ ಹೋದಂತೆ ಇದು ಎಂಥ ನಕ್ಷತ್ರ ಅನ್ನುವ ಕುತೂಹಲ ಹೆಚ್ಚಿತು. ಇದರ ಮೇಲ್ಮೈ ಸುಮಾರು 3,500 ಕೆಲ್ವಿನ್, ಸೂರ್ಯನದು ಸುಮಾರು 5,800. ಅಷ್ಟು ತಂಪಾಗಿದ್ದರೆ ಒಂದೊಂದು ಚದರ ಮೀಟರ್‌ನಿಂದ ಹೊಮ್ಮುವ ಶಕ್ತಿ ಸೂರ್ಯನ ಏಳನೇ ಒಂದು ಭಾಗದಷ್ಟೇ. ಆದರೂ ಇಷ್ಟು ದೂರಕ್ಕೆ ಹೊಳೆಯುತ್ತದೆ, ಯಾಕೆಂದರೆ ಮೈ ಅಷ್ಟು ದೊಡ್ಡದು: ಸೂರ್ಯನ ಜಾಗದಲ್ಲಿಟ್ಟರೆ ಮಂಗಳನ ಕಕ್ಷೆಯೂ ಅದರ ಒಳಗೇ! ಇಷ್ಟು ಉಬ್ಬಿದ್ದರಿಂದ ಸರಾಸರಿ ಸಾಂದ್ರತೆ ನಾವು ಉಸಿರಾಡುವ ಗಾಳಿಗಿಂತ ಸಾವಿರಾರು ಪಟ್ಟು ಕಡಿಮೆ. ಹೊರಪದರಗಳ ಮೇಲೆ ಗುರುತ್ವದ ಹಿಡಿತ ಸಡಿಲ, ಒಳಗಿಂದ ಬಿಸಿ ಅನಿಲ ದೊಡ್ಡ ದೊಡ್ಡ ಗುಳ್ಳೆಗಳಾಗಿ ಕುದಿದು ಮೇಲೆ ಬರುತ್ತದೆ, ಇಡೀ ನಕ್ಷತ್ರ ಸುಮಾರು 400 ದಿನಕ್ಕೊಮ್ಮೆ ಉಬ್ಬಿ ಕುಗ್ಗುತ್ತದೆ. ಅನಿಲ ಹೊರಗೆ ಚಿಮ್ಮಿಬಿಡುವುದರಲ್ಲಿ ಆಶ್ಚರ್ಯ ಇಲ್ಲ ಅಲ್ವಾ?

ಆಗ ಆದದ್ದೂ ಅದೇ ಅಂತ ಖಗೋಳಜ್ಞರು ಆಮೇಲೆ ವಿವರಿಸಿದರು. ಚಿಮ್ಮಿದ ಅನಿಲ ತಣಿದು ಧೂಳಾಯಿತು, ನಮ್ಮ ಕಡೆಯ ಮೈಯನ್ನು ಮರೆಮಾಡಿತು. ಮೇಲ್ಮೈಯ ಒಂದು ಭಾಗ ತಣ್ಣಗಾದದ್ದೂ ಜೊತೆಗೆ ಸೇರಿಕೊಂಡಿತ್ತು.

2020ರ ಫೆಬ್ರವರಿ ಮಧ್ಯದಲ್ಲಿ ಆರ್ದ್ರಾಕ್ಕೂ ಬೆಲಾಟ್ರಿಕ್ಸ್‌ಗೂ ವ್ಯತ್ಯಾಸವೇ ಕಾಣಲಿಲ್ಲ. "10 ಭಾಗ" ಅಂತ ಬರೆಯುವಾಗ ಕೈ ತಡೆಯಿತು, ಇನ್ನೊಮ್ಮೆ ನೋಡಿ ಬರೆದೆ. ಆ ತಿಂಗಳ ಕೊನೆಗೆ 9, ಆಮೇಲೆ 7. ಏಪ್ರಿಲ್ ಕೊನೆಗೆ, ಸಂಜೆ ಬೆಳಕಲ್ಲಿ ಒರಾಯನ್ ಮುಳುಗಿಹೋಗುವ ಮುಂಚೆ, ಅದು ರೋಹಿಣಿಯನ್ನೂ ಮೀರಿ ಹೊಳೆಯುತ್ತಿತ್ತು.