ಗಾಂಜಾ ಪ್ರಕರಣದಲ್ಲಿ ಜಪ್ತಿಯಾದ ಲಾರಿಯನ್ನು ಬಿಡಿಸಿದ ಬಗೆ: ನನ್ನ ಅನುಭವ

ಚಿತ್ರದುರ್ಗದಲ್ಲಿ ವಕೀಲಿ ಮಾಡುವ ನನ್ನ ಬಳಿಗೆ ಹೆದ್ದಾರಿಯಲ್ಲಿ ಜಪ್ತಿಯಾದ ವಾಹನಗಳ ಮಾಲೀಕರು ಆಗಾಗ ಬರುತ್ತಾರೆ. ಅವುಗಳಲ್ಲಿ ಗಾಂಜಾ ಪ್ರಕರಣದ ವಾಹನ ಬಿಡಿಸುವುದು ಹೆಚ್ಚು ಕಷ್ಟ. ಮಾದಕ ವಸ್ತುಗಳ ನಿಯಂತ್ರಣಕ್ಕಿರುವ ಎನ್‌ಡಿಪಿಎಸ್ ಕಾಯ್ದೆಯ 60(3)ನೇ ಕಲಮಿನ ಪ್ರಕಾರ ಮಾದಕ ವಸ್ತು ಸಾಗಿಸಿದ ವಾಹನ ಸರ್ಕಾರಕ್ಕೆ ಮುಟ್ಟುಗೋಲಾಗಬಹುದು. ತನಗಾಗಲಿ, ತನ್ನ ಏಜೆಂಟನಿಗಾಗಲಿ, ವಾಹನ ನಡೆಸುತ್ತಿದ್ದವನಿಗಾಗಲಿ ಅದರ ಅರಿವಿರಲಿಲ್ಲವೆಂದೂ, ಎಲ್ಲರೂ ತಕ್ಕ ಮುನ್ನೆಚ್ಚರಿಕೆ ವಹಿಸಿದ್ದರೆಂದೂ ರುಜುವಾತುಪಡಿಸುವ ಹೊಣೆ ಮಾಲೀಕರದೇ.

ಕಳೆದ ವರ್ಷ ಬಂದವರು ಚಳ್ಳಕೆರೆ ಕಡೆಯ ಒಬ್ಬ ಲಾರಿ ಮಾಲೀಕರು. ಈರುಳ್ಳಿ ಹೇರಿಕೊಂಡು ಯಶವಂತಪುರದ ಮಾರುಕಟ್ಟೆಗೆ ಹೊರಟಿದ್ದ ಅವರ ಲಾರಿಯನ್ನು ದಾರಿಯಲ್ಲಿ ಕೈ ಅಡ್ಡ ಹಿಡಿದು ಹತ್ತಿದವನೊಬ್ಬನ ಚೀಲದಲ್ಲಿ ಗಾಂಜಾ ಸಿಕ್ಕಿತ್ತು. ಈರುಳ್ಳಿ ಕೊಳೆಯುವ ಮಾಲಾದ್ದರಿಂದ ಅದನ್ನು ರೈತರಿಗೆ ಬಿಟ್ಟುಕೊಡುವಂತೆ ಮೊದಲು ಪ್ರತ್ಯೇಕ ಅರ್ಜಿ ಹಾಕಿ ಆದೇಶ ಪಡೆದೆ.

ಲಾರಿಯ ವಿಷಯಕ್ಕೆ ಪಂಚನಾಮೆಯನ್ನು ಸಾಲು ಸಾಲಾಗಿ ಓದಿದೆ. ಚೀಲವು ಕ್ಲೀನರ್ ಸೀಟಿನಲ್ಲಿ ಕುಳಿತವನ ಕಾಲ ಬಳಿ ಇತ್ತು, ಅದರೊಳಗೆ ಅವನದೇ ಬಟ್ಟೆಗಳಿದ್ದವು ಎಂದು ಪೊಲೀಸರೇ ಬರೆದಿದ್ದರು. ದೋಷಾರೋಪಣ ಪಟ್ಟಿಯಲ್ಲಿ ಆರೋಪಿಯೂ ಅವನೊಬ್ಬನೇ. ಈ ಎರಡು ಸಂಗತಿಗಳ ಮೇಲೆಯೇ ನನ್ನ ಅರ್ಜಿ ನಿಂತಿತು. ಆರ್‌ಸಿ, ವಿಮೆ, ಪರ್ಮಿಟ್, ಬಾಡಿಗೆ ಚೀಟಿಗಳ ಜೊತೆಗೆ ಜಿಪಿಎಸ್ ದಾಖಲೆಯನ್ನೂ, ಕೆಲಸಕ್ಕೆ ಸೇರಿಸಿಕೊಳ್ಳುವಾಗ ಮಾಲೀಕರು ಚಾಲಕನಿಂದ ಬರೆಸಿಕೊಂಡಿದ್ದ ಷರತ್ತುಪತ್ರವನ್ನೂ ಹಾಜರುಪಡಿಸಿದೆ. ಇಂಥ ಪತ್ರ ಬರೆಸಿಕೊಳ್ಳುವ ಮಾಲೀಕರು ನಮ್ಮ ಕಡೆ ತೀರಾ ಕಡಿಮೆ. ಮುನ್ನೆಚ್ಚರಿಕೆಗೆ ಅದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಅವರ ಕೈಯಲ್ಲಿ ಬೇರೆ ಇರುವುದಿಲ್ಲ.

ಮುಟ್ಟುಗೋಲಾಗಬಹುದಾದ ವಾಹನವನ್ನು ವಿಚಾರಣೆ ಮುಗಿಯುವ ಮೊದಲು ಬಿಡಲಾಗದು ಎಂದು ಸರ್ಕಾರಿ ಅಭಿಯೋಜಕರು ತಕರಾರು ಸಲ್ಲಿಸಿದರು. ಜಪ್ತಿಯಾದ ವಾಹನಗಳನ್ನು ಠಾಣೆಯಲ್ಲಿ ದೀರ್ಘಕಾಲ ನಿಲ್ಲಿಸುವುದರಿಂದ ಪ್ರಯೋಜನವಿಲ್ಲವೆಂದ 2002ರ ಸುಂದರಭಾಯಿ ಅಂಬಾಲಾಲ್ ದೇಸಾಯಿ ತೀರ್ಪನ್ನೂ, ಎನ್‌ಡಿಪಿಎಸ್ ಪ್ರಕರಣಗಳಲ್ಲಿಯೂ ಮಧ್ಯಂತರ ಬಿಡುಗಡೆಗೆ ಅಡ್ಡಿಯಿಲ್ಲವೆಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ನೀಡಿದ ಬಿಶ್ವಜಿತ್ ಡೇ ತೀರ್ಪನ್ನೂ ಮುಂದಿಟ್ಟೆ. ಮಾಲೀಕನೋ ಅವನ ಚಾಲಕನೋ ಆರೋಪಿಯಾಗಿದ್ದರೆ ಸಾಮಾನ್ಯವಾಗಿ ವಾಹನ ಬಿಡಲಾಗದು, ಆದರೆ ಅವರ ಅರಿವಿಲ್ಲದೆ ಪ್ರಯಾಣಿಕನೊಬ್ಬ ತಂದ ಮಾಲಿಗಾಗಿ ಜಪ್ತಿಯಾಗಿದ್ದರೆ ಸಾಮಾನ್ಯವಾಗಿ ಬಿಡಬಹುದು ಎಂದು ಆ ತೀರ್ಪು ಬಿಡಿಸಿ ಹೇಳಿದೆ.

ಬಿಎನ್‌ಎಸ್‌ಎಸ್‌ನ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 497 ಮತ್ತು 503ನೇ ಕಲಮುಗಳಡಿ ಸಲ್ಲಿಸಿದ್ದ ಅರ್ಜಿ ಮಂಜೂರಾಯಿತು. ಬಾಂಡ್, ಜಾಮೀನು, ಎಲ್ಲ ಕಡೆಯ ಫೋಟೋಗಳು ಬೇಕಾದವು. ಲಾರಿಯನ್ನು ಮಾರಬಾರದು, ಬಣ್ಣ ಬದಲಿಸಬಾರದು, ಕರೆದಾಗ ಹಾಜರುಪಡಿಸಬೇಕು ಎಂಬ ಷರತ್ತುಗಳಿದ್ದವು. ಠಾಣೆಯ ಆವರಣದಲ್ಲಿ ಬಿಸಿಲಿಗೆ ನಿಂತ ಟೈರುಗಳ ಮಗ್ಗುಲು ಆಗಲೇ ಬಿರುಕು ಬಿಟ್ಟಿದ್ದವು. ಬಾಡಿಗೆಯೇ ಇಲ್ಲದೆ ಸಾಲದ ಕಂತು ಕಟ್ಟುತ್ತಿದ್ದ ಆ ಕುಟುಂಬಕ್ಕೆ ಅದೂ ಒಂದು ಹೊರೆಯಾಯಿತು.

ಮಧ್ಯಂತರ ಸುಪರ್ದಿ, ಅಂದರೆ ವಾಹನ ತಾತ್ಕಾಲಿಕವಾಗಿ ಮಾಲೀಕರ ವಶಕ್ಕೆ, ಸಿಕ್ಕಿತೆಂದರೆ ಮುಟ್ಟುಗೋಲಿನ ಪ್ರಶ್ನೆ ಮುಗಿಯಿತೆಂದಲ್ಲ. ಆರೋಪಿಗೆ ಶಿಕ್ಷೆಯಾಗಲಿ, ಬಿಡುಗಡೆಯಾಗಲಿ, ಎನ್‌ಡಿಪಿಎಸ್ ಕಾಯ್ದೆಯ 63ನೇ ಕಲಮಿನಡಿ ನ್ಯಾಯಾಲಯ ಅದನ್ನು ತೀರ್ಮಾನಿಸಲೇಬೇಕು. ಆದ್ದರಿಂದ ಷರತ್ತುಪತ್ರದ ಮೂಲಪ್ರತಿಯನ್ನು ಜೋಪಾನವಾಗಿಡುವಂತೆ ಮಾಲೀಕರಿಗೆ ಬರವಣಿಗೆಯಲ್ಲಿಯೇ ತಿಳಿಸಿದ್ದೇನೆ.