ಗ್ರಹ ಸೂರ್ಯನ್ನ ಒಂದು ಸುತ್ತು ಹಾಕೋಕೆ ಎಷ್ಟು ದಿನ ಬೇಕು ಅಂತ ತಾರಸಿ ಮೇಲಿಂದಾನೇ ಲೆಕ್ಕ ಹಾಕೋದು ಹೇಗೆ

ಬುಧ 88 ದಿನ, ಶುಕ್ರ 225 ದಿನ, ಮಂಗಳ 687 ದಿನ, ಗುರು ಹತ್ರಹತ್ರ 12 ವರ್ಷ, ಶನಿ ಇಪ್ಪತ್ತೊಂಬತ್ತೂವರೆ ವರ್ಷ. ಮಕ್ಕಳಿಗೆ ಇದನ್ನ ಬಾಯಿಪಾಠ ಮಾಡಿಸ್ತೀವಿ, ಪರೀಕ್ಷೆ ಮುಗೀತಿದ್ದಂಗೆ ಮರೆತೂ ಹೋಗತ್ತೆ. ಅದರ ಬದಲು ಒಂದು ಸಲ ಕೈಯಾರೆ ಲೆಕ್ಕ ಹಾಕಿಸಿ ನೋಡಿ, ಜನ್ಮದಲ್ಲಿ ಮರೆಯಲ್ಲ. ಟೆಲಿಸ್ಕೋಪ್ ಬೇಡ, ಕ್ಯಾಲೆಂಡರು, ಮೊಬೈಲಲ್ಲಿರೋ ಕ್ಯಾಲ್ಕುಲೇಟರ್, ಸ್ವಲ್ಪ ತಾಳ್ಮೆ ಇದ್ರೆ ಸಾಕು.

ಗುರುವಿನಿಂದ ಶುರು ಮಾಡಿ. ಬೆಂಗಳೂರಿನಂಥ ಊರಲ್ಲೂ ಬೀದಿದೀಪದ ಬೆಳಕಿನ ಮಧ್ಯೆ ಬರಿಗಣ್ಣಿಗೆ ಚೆನ್ನಾಗಿ ಕಾಣತ್ತೆ, ಮಿನುಗದೆ ಸ್ಥಿರವಾಗಿ ಹೊಳೆಯತ್ತೆ.

ಒಂದು ತೊಡಕಿದೆ, ನಾವು ನಿಂತಿರೋ ಭೂಮಿನೂ ಸುತ್ತುತಾ ಇದೆಯಲ್ಲ, ಹಾಗಾಗಿ ಗುರು ನಕ್ಷತ್ರಗಳ ನಡುವೆ ಕೆಲವು ತಿಂಗಳು ಮುಂದೆ ಹೋಗಿ ಆಮೇಲೆ ಹಿಂದಕ್ಕೆ ಬಂದಂಗೆ ಕಾಣತ್ತೆ, ಪಂಚಾಂಗದಲ್ಲಿ ವಕ್ರಿ ಅಂತ ಹಾಕಿರ್ತಾರಲ್ಲ ಅದೇ. ಸುಮ್ನೆ ಯಾವತ್ತೋ ಒಂದಿನ ನೋಡಿ ಇನ್ಯಾವತ್ತೋ ನೋಡಿದ್ರೆ ಲೆಕ್ಕ ಕೆಡತ್ತೆ. ಅದಕ್ಕೇ ಪ್ರತಿ ಸಲ ಅಪೋಸಿಶನ್ ದಿನಾನೇ ಹಿಡ್ಕೋಬೇಕು. ಅಂದ್ರೆ ಪಶ್ಚಿಮದಲ್ಲಿ ಸೂರ್ಯ ಮುಳುಗೋ ಹೊತ್ತಿಗೆ ಸರಿಯಾಗಿ ಪೂರ್ವದಲ್ಲಿ ಗ್ರಹ ಹುಟ್ಟೋ ದಿನ. ಅವತ್ತು ಸೂರ್ಯ, ಭೂಮಿ, ಗ್ರಹ ಮೂರೂ ಒಂದೇ ಸಾಲಲ್ಲಿರ್ತವೆ, ಸೂರ್ಯನ ಮೇಲೆ ನಿಂತು ನೋಡಿದ್ರೂ ಗ್ರಹ ಅದೇ ದಿಕ್ಕಲ್ಲಿ ಕಾಣತ್ತೆ.

2024ರ ಡಿಸೆಂಬರ್ 7ರ ರಾತ್ರಿ ಗುರುವಿನ ಅಪೋಸಿಶನ್ ಆಯ್ತು, ಆಗ ಅದು ವೃಷಭದಲ್ಲಿ ರೋಹಿಣಿ ನಕ್ಷತ್ರದ ಹತ್ರ ಇತ್ತು. ಮುಂದಿನದು 2026ರ ಜನವರಿ 10ಕ್ಕೆ, ಅಷ್ಟೊತ್ತಿಗೆ ಮಿಥುನದಲ್ಲಿ ಪುನರ್ವಸುವಿನ ಜೋಡಿ ನಕ್ಷತ್ರಗಳ ಪಕ್ಕ ಬಂದಿತ್ತು. ಮಧ್ಯೆ 399 ದಿನ.

ಈಗ ಓಟದ ಟ್ರ್ಯಾಕ್ ನೆನೆಸ್ಕೊಳ್ಳಿ. ಭೂಮಿ ಜೋರಾಗಿ ಓಡ್ತಾ ಇದೆ, ಗುರು ನಿಧಾನ, ಇಬ್ಬರೂ ಮತ್ತೆ ಒಂದೇ ಸಾಲಿಗೆ ಬಂದ್ರು ಅಂದ್ರೆ ಭೂಮಿ ಒಂದು ಪೂರ್ತಿ ಸುತ್ತು ಜಾಸ್ತಿ ಓಡಿದೆ ಅಂತ ಅರ್ಥ. 399ನ್ನ 365.25ರಿಂದ ಭಾಗಿಸಿ, 1.0924 ಬರತ್ತೆ, ಅಷ್ಟು ಸುತ್ತು ಭೂಮಿದು. ಅದರಲ್ಲಿ 1 ಕಳೆದ್ರೆ ಉಳಿಯೋ 0.0924 ಸುತ್ತು ಗುರುವಿಂದು. ಅಷ್ಟಕ್ಕೆ 399 ದಿನ ಆದ್ರೆ ಪೂರ್ತಿ ಒಂದು ಸುತ್ತಿಗೆ? 399ನ್ನ 0.0924ರಿಂದ ಭಾಗಿಸಿ, ಸುಮಾರು 4318 ದಿನ, ಅಂದ್ರೆ 11.82 ವರ್ಷ. ಪುಸ್ತಕದಲ್ಲಿರೋದು 11.86. ಬರೀ ಎರಡು ದಿನಾಂಕ ಇಟ್ಕೊಂಡು ಇಷ್ಟು ಹತ್ರ ಬರ್ತೀವಿ, ನನಗಂತೂ ಇದು ಪ್ರತಿ ಸಲ ಖುಷಿ ಕೊಡತ್ತೆ.

ಗುರು ಎಷ್ಟು ಸರಿದಿದೆ ಅನ್ನೋದನ್ನ ಕೈಯಲ್ಲೂ ಅಳೀಬಹುದು. ತೋಳು ಪೂರ್ತಿ ಚಾಚಿ ಮುಷ್ಟಿ ಹಿಡಿದ್ರೆ ಅದರ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ಆ ಎರಡು ಅಪೋಸಿಶನ್ ನಡುವೆ ಗುರು ಸರಿದಿದ್ದು ಮೂರೂವರೆ ಮುಷ್ಟಿಗಿಂತ ಚೂರು ಕಮ್ಮಿ, 34 ಡಿಗ್ರಿ ಇಟ್ಕೊಳ್ಳಿ. 360ನ್ನ 34ರಿಂದ ಭಾಗಿಸಿ 399ರಿಂದ ಗುಣಿಸಿದ್ರೆ ಹನ್ನೊಂದೂವರೆ ವರ್ಷದ ಮೇಲೆ ಬರತ್ತೆ. ಸ್ವಲ್ಪ ಕಮ್ಮಿ ಬರೋದು ಯಾಕಂದ್ರೆ ಗುರುವಿನ ದಾರಿ ದುಂಡಗಿಲ್ಲ, 2023ರ ಜನವರಿಯಲ್ಲಿ ಅದು ಸೂರ್ಯನಿಗೆ ಅತಿ ಹತ್ರ ಬಂದಿತ್ತು, ಹತ್ರ ಇದ್ದಾಗ ವೇಗ ಜಾಸ್ತಿ.

ಮಂಗಳನ ವಿಷಯದಲ್ಲಿ ಇದು ಇನ್ನೂ ಎದ್ದು ಕಾಣತ್ತೆ. ಅದರ ಅಪೋಸಿಶನ್ ದಿನಗಳನ್ನ ನೋಡಿ: 2020ರ ಅಕ್ಟೋಬರ್ 13ರಿಂದ 2022ರ ಡಿಸೆಂಬರ್ 8ಕ್ಕೆ 786 ದಿನ, ಅಲ್ಲಿಂದ 2025ರ ಜನವರಿ 16ಕ್ಕೆ ಬರೀ 770. ಅದಕ್ಕೇ ಒಂದೇ ಅಂತರ ನಂಬ್ಕೊಂಡು ಕೂರಬೇಡಿ, ಆದಷ್ಟು ಜಾಸ್ತಿ ತಗೊಂಡು ಸರಾಸರಿ ಮಾಡಿ. ದೀರ್ಘಕಾಲದ ಸರಾಸರಿ 780, ಅದನ್ನ ಹಾಕಿದ್ರೆ ನೇರ 687 ದಿನ ಬರತ್ತೆ. ಶನಿಗೆ ಈ ಸರಾಸರಿ 378 ದಿನ.

ಬುಧ ಶುಕ್ರ ನಮಗಿಂತ ಒಳಗೆ ಓಡೋರು, ಅವಕ್ಕೆ ಅಪೋಸಿಶನ್ ಇಲ್ಲ, ಅವೇ ನಮ್ಮನ್ನ ಹಿಂದೆ ಹಾಕ್ತವೆ, ಹಾಗಾಗಿ 1 ಕಳೆಯೋ ಬದಲು ಕೂಡಿ. ಶುಕ್ರ ನಮ್ಮನ್ನ ದಾಟಿ ಮತ್ತೆ ದಾಟೋಕೆ ಸರಾಸರಿ 584 ದಿನ, 584/365.25 ಅಂದ್ರೆ 1.599, ಒಂದು ಕೂಡಿದ್ರೆ 2.599, 584ನ್ನ ಅದರಿಂದ ಭಾಗಿಸಿದ್ರೆ 224.7 ದಿನ.

ಯುರೇನಸ್ ನೆಪ್ಚೂನ್‌ಗೆ ಈ ದಾರಿ ಕಷ್ಟ, ಅಲ್ಲಿ ಖಗೋಳ ವಿಜ್ಞಾನಿ ಕೆಪ್ಲರ್ 1618ರಲ್ಲಿ ಕಂಡುಕೊಂಡ ನಿಯಮ ಹಿಡೀರಿ: ಸೂರ್ಯನಿಂದ ಭೂಮಿಗಿರೋ ದೂರನ 1 ಅಂತ ಇಟ್ಟು, ಗ್ರಹದ ದೂರದ ಘನ ತೆಗೆದು ವರ್ಗಮೂಲ ತಗೊಂಡ್ರೆ ವರ್ಷ ಸಿಗತ್ತೆ. ನೆಪ್ಚೂನ್ 30.07, ಉತ್ತರ ಸುಮಾರು 165. 1846ರಲ್ಲಿ ಪತ್ತೆಯಾದ ಆ ಗ್ರಹ ಮೊದಲ ಸುತ್ತು ಮುಗಿಸಿದ್ದೇ 2011ರಲ್ಲಿ.

ಟೆಲಿಸ್ಕೋಪ್ ಹುಟ್ಟೋ ಮುಂಚೆ ಇದೆಲ್ಲ ಆಗ್ತಿತ್ತಾ ಅಂತ ಅನುಮಾನ ಇದ್ರೆ ಆರ್ಯಭಟ ಕೊಟ್ಟಿರೋ ಸಂಖ್ಯೆ ತಗೊಳ್ಳಿ. 43,20,000 ವರ್ಷದ ಯುಗದಲ್ಲಿ ಗುರು 3,64,224 ಸುತ್ತು ಅಂತಾನೆ. ಭಾಗಿಸಿ ನೋಡಿ: 11.861. ಶನಿ 1,46,564 ಸುತ್ತು, ಅದನ್ನ ನೀವೇ ಮಾಡಿ.

ಗುರುವಿನ ಮುಂದಿನ ಅಪೋಸಿಶನ್ 2027ರ ಫೆಬ್ರವರಿ ಎರಡನೇ ವಾರ, ಸಿಂಹದಲ್ಲಿ. ಅದೇ ತಿಂಗಳು 19ಕ್ಕೆ ಮಂಗಳಂದೂ ಇದೆ, ಅದೂ ಸಿಂಹದಲ್ಲೇ. ಸಂಜೆ ಪೂರ್ವಕ್ಕೆ ಮುಖ ಮಾಡಿ ನಿಂತು ದಿನಾಂಕ ಬರೆದಿಟ್ಕೊಳ್ಳಿ, ಎರಡೂ ಒಟ್ಟಿಗೆ ಸಿಗ್ತವೆ.