ಸಾಂಕ್ರಾಮಿಕದ ಕಾಲದಲ್ಲಿ ಪಶು ಬೋಧನಾ ಆಸ್ಪತ್ರೆಯ ತಂಡವನ್ನು ನಡೆಸುವ ಬಗೆ

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ಅನ್ನು ಜಾಗತಿಕ ಸಾಂಕ್ರಾಮಿಕವೆಂದು ಘೋಷಿಸಿದ ಅದೇ ತಿಂಗಳಲ್ಲಿ ದಾವಣಗೆರೆ ಜಿಲ್ಲೆಯ ಹರಿಹರ ತಾಲ್ಲೂಕಿನ ಬನ್ನಿಕೋಡಿನಲ್ಲಿ ಕೋಳಿಗಳಿಗೆ ಹಕ್ಕಿಜ್ವರ ತಗುಲಿರುವುದು ದೃಢಪಟ್ಟಿತು. ಹೀಗಾಗಿ ಈ ಭಾಗದ ಪಶು ವೈದ್ಯಕೀಯ ಸಿಬ್ಬಂದಿಯು ಪಿಪಿಇ ಉಡುಪು ತೊಟ್ಟು ಕೋಳಿಗಳ ಕೆಲಸದಲ್ಲಿ ತೊಡಗಿದ್ದ ಹೊತ್ತಿಗೇ ಮನುಷ್ಯರ ರೋಗವೂ ಬಾಗಿಲಿಗೆ ಬಂದಿತ್ತು. ಮಾರ್ಚ್ 25ರಿಂದ ದೇಶವಿಡೀ ಲಾಕ್‌ಡೌನ್ ಜಾರಿಗೆ ಬಂದಾಗ ಪಶು ಆಸ್ಪತ್ರೆಗಳನ್ನು ಅಗತ್ಯ ಸೇವೆಯೆಂದು ಪರಿಗಣಿಸಿ ತೆರೆದಿಡಲು ಅವಕಾಶ ಕೊಡಲಾಯಿತು. ಆದರೆ ಬಾಗಿಲು ತೆರೆದಿಡುವುದು ಬೇರೆ, ಒಳಗೆ ಕೆಲಸ ಮಾಡುವ ಕೈಗಳನ್ನು ಉಳಿಸಿಕೊಳ್ಳುವುದು ಬೇರೆ. ಶಿವಮೊಗ್ಗದ ಪಶು ವೈದ್ಯಕೀಯ ಕಾಲೇಜಿನಂಥ ಬೋಧನಾ ಆಸ್ಪತ್ರೆಯಿರಲಿ, ದಾವಣಗೆರೆ ಅಥವಾ ಚಿತ್ರದುರ್ಗದಲ್ಲಿ ಇಂಟರ್ನ್‌ಗಳನ್ನು ಜೊತೆಗಿಟ್ಟುಕೊಂಡು ನಡೆಯುವ ಆಸ್ಪತ್ರೆಯಿರಲಿ, ಮುಂದಿನ ಸಾಂಕ್ರಾಮಿಕ ಬಂದಾಗ ಅದರ ಮುಖ್ಯಸ್ಥರು ಯಾವ ಕ್ರಮದಲ್ಲಿ ಏನು ಮಾಡಬೇಕೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ತಂಡವನ್ನು ಒಡೆಯಿರಿ

ಮೊದಲ ದಿನವೇ ಮಾಡಬೇಕಾದ ಕೆಲಸವೆಂದರೆ ತಂಡವನ್ನು ಎರಡಾಗಿ ಒಡೆಯುವುದು. ಶಸ್ತ್ರಚಿಕಿತ್ಸೆ ಬಲ್ಲ ವೈದ್ಯರು, ಪ್ರಸೂತಿ ಬಲ್ಲವರು, ಪ್ರಯೋಗಾಲಯದವರು, ಔಷಧ ವಿತರಕರು, ದನ ಹಿಡಿಯಲು ನುರಿತ ಡಿ ದರ್ಜೆ ನೌಕರರು ಎರಡೂ ತಂಡಗಳಲ್ಲಿ ಇರುವಂತೆ ಹಂಚಬೇಕು. ಇಬ್ಬರು ಶಸ್ತ್ರಚಿಕಿತ್ಸಕರಿದ್ದು ಇಬ್ಬರೂ ಒಂದೇ ತಂಡಕ್ಕೆ ಸೇರಿದರೆ ಒಂದು ಸೋಂಕಿಗೆ ಇಡೀ ವಿಭಾಗವೇ ಮುಚ್ಚುತ್ತದೆ. ದಿನ ಬಿಟ್ಟು ದಿನದ ಪಾಳಿಗಿಂತ ಇಡೀ ವಾರದ ಪಾಳಿಯೇ ಮೇಲು. ಕೋವಿಡ್‌ನಲ್ಲಿ ಸೋಂಕು ತಗುಲಿ ಸಾಮಾನ್ಯವಾಗಿ ಐದಾರು ದಿನಕ್ಕೆ ಲಕ್ಷಣಗಳು ಕಾಣಿಸಿಕೊಳ್ಳುತ್ತಿದ್ದುದರಿಂದ, ಒಂದು ವಾರ ಮನೆಯಲ್ಲಿರುವವರ ಜ್ವರ ಬಹುಮಟ್ಟಿಗೆ ಮನೆಯಲ್ಲೇ ಬಯಲಾಗುತ್ತದೆ. ಎರಡು ತಂಡಗಳು ಪಾಳಿ ಬದಲಾಗುವ ಹೊತ್ತಿನಲ್ಲಿ ಕೂಡ ಎದುರುಬದುರಾಗಬಾರದು. ಪ್ರಕರಣಗಳ ಹಸ್ತಾಂತರವನ್ನು ಫೋನಿನಲ್ಲಿಯೂ ಒಂದು ಪುಟದ ಬರಹದಲ್ಲಿಯೂ ಮುಗಿಸಬೇಕು. ಇಷ್ಟೆಲ್ಲ ಮಾಡಿ ಚಹಾ ಕುಡಿಯುವ ಕೋಣೆಯನ್ನು ಮರೆತರೆ ಪ್ರಯೋಜನವಿಲ್ಲ. ಆಸ್ಪತ್ರೆಯ ಸಿಬ್ಬಂದಿ ರಾಸಿನ ಬಳಿ ಮಾಸ್ಕ್ ಬಿಚ್ಚುವುದು ಅಪರೂಪ, ಊಟದ ಡಬ್ಬಿ ತೆರೆದಾಗ ಎಲ್ಲರೂ ಬಿಚ್ಚುತ್ತಾರೆ. ಆದ್ದರಿಂದ ಊಟವನ್ನು ಹೊರಗೆ, ಮರದ ನೆರಳಿಗೆ ಸ್ಥಳಾಂತರಿಸುವುದು ನನ್ನ ಮಟ್ಟಿಗೆ ಯಾವುದೇ ಸ್ಯಾನಿಟೈಸರ್ ಖರೀದಿಗಿಂತ ಮುಂಚಿನ ಕೆಲಸ.

ತಂಡಗಳನ್ನು ರಚಿಸುವಾಗ ಯಾರ ಮನೆ ಎಲ್ಲಿದೆ ಎಂಬುದನ್ನೂ ನೋಡಬೇಕು. 2020ರಲ್ಲಿ ದಾವಣಗೆರೆಯ ಬಾಷಾ ನಗರ ಹಾಗೂ ಜಾಲಿ ನಗರ ಕಂಟೈನ್‌ಮೆಂಟ್ ವಲಯಗಳಾದಾಗ ಅಂಥ ವಲಯದೊಳಗೆ ಮನೆಯಿದ್ದವರು ಆರೋಗ್ಯವಾಗಿದ್ದರೂ ಹೊರಗೆ ಬರುವಂತಿರಲಿಲ್ಲ. ಒಂದೇ ಬಡಾವಣೆಯಿಂದ ಬರುವವರನ್ನು ಒಂದೇ ತಂಡಕ್ಕೆ ಹಾಕುವುದೇ ಅಥವಾ ಎರಡಕ್ಕೂ ಹಂಚುವುದೇ ಎಂಬ ಪ್ರಶ್ನೆಗೆ ಎರಡು ಉತ್ತರಗಳಿವೆ. ಅವರು ಒಂದೇ ಬೈಕಿನಲ್ಲಿ ಬರುವವರಾದರೆ ಒಂದೇ ತಂಡದಲ್ಲಿರಲಿ; ಬೇರೆ ಬೇರೆಯಾಗಿ ಬರುವವರಾದರೆ ಹಂಚುವುದು ಲೇಸು. ಮುಖ್ಯಸ್ಥರು ತಮ್ಮ ನಂತರ ಆದೇಶ ಕೊಡುವವರು ಯಾರು, ಅವರೂ ಹಾಸಿಗೆ ಹಿಡಿದರೆ ಯಾರು ಎಂದು ಕನಿಷ್ಠ ಮೂರು ಹೆಸರುಗಳನ್ನು ಕ್ರಮವಾಗಿ ಬರೆದು ಗೋಡೆಗೆ ಅಂಟಿಸಬೇಕು. ಔಷಧ ದಾಸ್ತಾನಿನ ಬೀಗದ ಕೈ ಒಬ್ಬರ ಜೇಬಿನಲ್ಲಿ ಉಳಿದು ಅವರು ಕ್ವಾರಂಟೈನ್‌ಗೆ ಹೋಗುವಂತಾಗಬಾರದು.

ಜ್ವರವನ್ನು ಮುಚ್ಚಿಡದಂತೆ ಮಾಡುವುದು

ಪ್ರತಿದಿನ ಬಾಗಿಲಲ್ಲಿ ನಿಂತು ಹಣೆಗೆ ಉಷ್ಣಮಾಪಕ ಹಿಡಿಯುವುದು ಕಣ್ಣಿಗೆ ಕಾಣುವ ಕ್ರಮವಷ್ಟೆ. ನಿಜವಾಗಿ ಸೋಂಕು ಒಳಗೆ ಬರುವುದು ಮಾತ್ರೆ ನುಂಗಿ ಜ್ವರ ಇಳಿಸಿಕೊಂಡು ಕೆಲಸಕ್ಕೆ ಬರುವವರಿಂದ, ಮತ್ತು ಅವರು ಹಾಗೆ ಬರುವುದಕ್ಕೆ ಕಾರಣ ಅಜ್ಞಾನವಲ್ಲ, ಸಂಬಳ. ಹೊರಗುತ್ತಿಗೆಯ ಮೇಲಿರುವ ಕಸ ಗುಡಿಸುವವರು, ದನ ಹಿಡಿಯುವವರು, ಕಾವಲುಗಾರರು ಬಾರದ ದಿನ ಕೂಲಿ ಕಳೆದುಕೊಳ್ಳುತ್ತಾರೆ. ಕಾಯಂ ವೈದ್ಯರಿಗೆ ಇರುವ ರಜೆ ಅವರಿಗಿಲ್ಲ. ಆದ್ದರಿಂದ ಮುಖ್ಯಸ್ಥರು ಗುತ್ತಿಗೆದಾರರೊಂದಿಗೂ ಮೇಲಧಿಕಾರಿಗಳೊಂದಿಗೂ ಮಾತನಾಡಿ, ಪ್ರತ್ಯೇಕವಾಸದ ದಿನಗಳಿಗೆ ಕೂಲಿ ಕಡಿತವಿಲ್ಲವೆಂಬುದನ್ನು ಬರಹದಲ್ಲಿ ಪಡೆದು, ಆ ಬರಹವನ್ನು ಎಲ್ಲರ ಮುಂದೆ ಓದಿ ಹೇಳಬೇಕು. ಬಾಯಿಮಾತಿನ ಭರವಸೆಯನ್ನು ಅವರು ನಂಬುವುದಿಲ್ಲ, ನಂಬಬೇಕಾದ ಕಾರಣವೂ ಇಲ್ಲ. ಇದಕ್ಕೆ ಒಪ್ಪಿಗೆ ಸಿಗದಿದ್ದರೆ ಪಾಳಿಯ ಹಾಜರಾತಿಯನ್ನು ಮನೆಯಲ್ಲಿರುವ ವಾರವೂ ಕರ್ತವ್ಯವೇ ಎಂದು ಎಣಿಕೆಯಾಗುವಂತೆ ರೂಪಿಸುವುದು ಮುಂದಿನ ದಾರಿ.

ಸೋಂಕು ತಗುಲಿದವರ ಹೆಸರನ್ನು ಅವರ ಒಪ್ಪಿಗೆಯಿಲ್ಲದೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಬಾರದು. ಅವರೊಂದಿಗೆ ಕೆಲಸ ಮಾಡಿದವರಿಗೆ ಮುಖ್ಯಸ್ಥರೇ ಒಬ್ಬೊಬ್ಬರಿಗೂ ಕರೆ ಮಾಡಿ ತಿಳಿಸಬೇಕು. ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾರೆಂಬ ಕಾರಣಕ್ಕೆ ಬಾಡಿಗೆ ಮನೆ ಖಾಲಿ ಮಾಡಲು ಹೇಳುವ ಮಾಲೀಕರೂ ಇರುತ್ತಾರೆ. ಅಂಥ ಸಂದರ್ಭದಲ್ಲಿ ನೌಕರರಿಗೆ ಧೈರ್ಯ ಹೇಳುವುದಕ್ಕಿಂತ ಮುಖ್ಯಸ್ಥರು ತಾವೇ ಆ ಮಾಲೀಕರೊಂದಿಗೆ ಮಾತನಾಡುವುದು ಹೆಚ್ಚು ಕೆಲಸಕ್ಕೆ ಬರುತ್ತದೆ. ಶಾಲು ಹೊದಿಸಿ ವಾರಿಯರ್ ಎಂದು ಕರೆಯುವ ಸಮಾರಂಭಗಳನ್ನು ಮುಂದೂಡಿದರೆ ಯಾರಿಗೂ ನಷ್ಟವಿಲ್ಲ, ಗುಂಪು ಸೇರುವುದೂ ತಪ್ಪುತ್ತದೆ.

ಯಾವುದನ್ನು ನಿಲ್ಲಿಸುವುದು, ಯಾವುದನ್ನು ನಿಲ್ಲಿಸಬಾರದು

ಅರ್ಧ ಸಿಬ್ಬಂದಿಯಲ್ಲಿ ಪೂರ್ತಿ ಕೆಲಸ ಆಗುವುದಿಲ್ಲ. ಆಗದ ಕೆಲಸ ಯಾವುದೆಂಬುದನ್ನು ಮುಖ್ಯಸ್ಥರೇ ನಿರ್ಧರಿಸಿ ಪ್ರಕಟಿಸಬೇಕು, ಇಲ್ಲವಾದರೆ ಆ ನಿರ್ಧಾರ ಬಾಗಿಲಲ್ಲಿ ನಿಂತ ಕಿರಿಯರ ತಲೆಯ ಮೇಲೆ ಬೀಳುತ್ತದೆ. ಕರು ಅಡ್ಡ ಸಿಕ್ಕಿಕೊಂಡಿರುವುದು, ಹೊಟ್ಟೆ ಉಬ್ಬರ, ಹಾಲು ಜ್ವರ, ಹಾವು ಕಡಿತ, ಮೂಳೆ ಮುರಿತ, ತೀವ್ರ ಕೆಚ್ಚಲು ಬಾವು ಇವುಗಳನ್ನು ಯಾವ ಸ್ಥಿತಿಯಲ್ಲೂ ಹಿಂದಕ್ಕೆ ಕಳಿಸಬಾರದು. ಸಾಕುನಾಯಿಗಳ ಸಂತಾನಹರಣ ಶಸ್ತ್ರಚಿಕಿತ್ಸೆ, ಹೋರಿಗಳ ಬೀಜ ಒಡೆಯುವುದು, ಆರೋಗ್ಯ ಪ್ರಮಾಣಪತ್ರ ನೀಡಿಕೆ ಇವು ಕೆಲವು ವಾರ ಕಾಯಬಹುದು. ಕೃತಕ ಗರ್ಭಧಾರಣೆ ಇವೆರಡರ ನಡುವೆ ಬರುತ್ತದೆ. ಬೆದೆ ತಪ್ಪಿದರೆ ರಾಸಿನ ಜೀವಕ್ಕೆ ಅಪಾಯವಿಲ್ಲ, ಆದರೆ ಇಪ್ಪತ್ತೊಂದು ದಿನ ಕಾಯಬೇಕು, ಮತ್ತು ಶಿವಮೊಗ್ಗ ಹಾಲು ಒಕ್ಕೂಟಕ್ಕೆ ಹಾಲು ಹಾಕಿ ಸಂಸಾರ ನಡೆಸುವ ಹೊನ್ನಾಳಿ ಅಥವಾ ಹೊಳಲ್ಕೆರೆಯ ಕುಟುಂಬಕ್ಕೆ ಎರಡು ಬೆದೆ ತಪ್ಪಿದರೆ ವರ್ಷದ ಲೆಕ್ಕವೇ ಏರುಪೇರಾಗುತ್ತದೆ. ಅದನ್ನು ಮನೆ ಬಾಗಿಲಿಗೆ ಒಬ್ಬರೇ ಹೋಗಿ ಮಾಡುವ ಕೆಲಸವಾಗಿ ಉಳಿಸಿಕೊಳ್ಳುವುದು ಸೂಕ್ತ.

ಆಮ್ಲಜನಕದ ಸಿಲಿಂಡರ್, ಎನ್95 ಮಾಸ್ಕ್, ಕೈಗವಸುಗಳ ಪಟ್ಟಿಯನ್ನು ಮೊದಲ ವಾರವೇ ಸಿದ್ಧಪಡಿಸಿರಬೇಕು. 2021ರ ಏಪ್ರಿಲ್–ಮೇ ತಿಂಗಳ ಎರಡನೇ ಅಲೆಯಲ್ಲಿ ಮನುಷ್ಯರ ಆಸ್ಪತ್ರೆಗಳಿಗೇ ಆಮ್ಲಜನಕ ಸಾಲದಾಗಿತ್ತು. ಅಂಥ ಕಾಲದಲ್ಲಿ ಜಿಲ್ಲಾಡಳಿತ ಕೇಳುವ ಮುನ್ನವೇ ನಮ್ಮಲ್ಲಿ ಇಷ್ಟಿದೆ, ತುರ್ತಿಗೆ ಇಷ್ಟು ಬೇಕು, ಉಳಿದದ್ದನ್ನು ಕೊಡಬಹುದು ಎಂದು ತಿಳಿಸುವುದು ಧರ್ಮವೂ ಹೌದು, ಜಾಣತನವೂ ಹೌದು.

ಅಂಗಳದ ವ್ಯವಸ್ಥೆ

ನಗರದ ನಾಯಿ–ಬೆಕ್ಕುಗಳ ಆಸ್ಪತ್ರೆಗಳಲ್ಲಿ ಮಾಲೀಕರನ್ನು ಹೊರಗೆ ಕಾರಿನಲ್ಲೇ ಕೂರಿಸಿ ಪ್ರಾಣಿಯನ್ನು ಮಾತ್ರ ಒಳಗೆ ಒಯ್ಯುವ ಪದ್ಧತಿ ಅನೇಕ ದೇಶಗಳಲ್ಲಿ ಬಂದಿತು. ಆ ಪದ್ಧತಿ ನಮ್ಮ ಎಮ್ಮೆಗೆ ಹೊಂದುವುದಿಲ್ಲ. ಯಜಮಾನರ ಕೈ ಕೊರಳ ಮೇಲಿಲ್ಲದಿದ್ದರೆ ಅದು ಚೌಕಟ್ಟಿನೊಳಗೆ ಕಾಲಿಡುವುದೇ ಇಲ್ಲ. ಹಾಗಾಗಿ ಜನರನ್ನು ದೂರವಿಡುವ ಬದಲು ಜಾಗವನ್ನು ಹಿಗ್ಗಿಸಬೇಕು. ರಾಸು ಕಟ್ಟುವ ಕಬ್ಬಿಣದ ಚೌಕಟ್ಟು ಗೋಡೆಗಳ ನಡುವೆ ಇದ್ದರೆ ತಾತ್ಕಾಲಿಕವಾಗಿಯಾದರೂ ಗಾಳಿಯಾಡುವ ಬಯಲಿನಲ್ಲಿ ಮತ್ತೊಂದನ್ನು ನೆಡಬೇಕು. ಒಂದು ರಾಸಿಗೆ ಇಬ್ಬರಿಗಿಂತ ಹೆಚ್ಚು ಜನ ಬೇಡ. ತಲೆಯ ಕಡೆ ಯಜಮಾನರು, ಹಿಂಭಾಗದಲ್ಲಿ ವೈದ್ಯರು ನಿಂತರೆ ಪ್ರಾಣಿಯ ಮೈಯಷ್ಟು ಅಂತರ ತಾನಾಗಿಯೇ ಸಿಗುತ್ತದೆ. ಬಾಯಿಗೆ ಔಷಧ ಕುಡಿಸುವಾಗ ಮಾತ್ರ ಎರಡು ಮುಖಗಳು ಹತ್ತಿರ ಬರುತ್ತವೆ, ಆಗ ಮಾತು ನಿಲ್ಲಲಿ. ಆಸ್ಪತ್ರೆಯ ಹಗ್ಗವನ್ನು ಒಬ್ಬರಿಂದ ಒಬ್ಬರಿಗೆ ಕೊಡುವ ಬದಲು ರೈತರು ತಮ್ಮದೇ ಹಗ್ಗ ತರುವಂತೆ ಫೋನಿನಲ್ಲೇ ತಿಳಿಸಬೇಕು. ಕಬ್ಬಿಣದ ಸರಳುಗಳನ್ನು ಶೇಕಡ 1ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಿಂದ ಒರೆಸಬಹುದು, ಆದರೆ ಸಗಣಿ ಮೆತ್ತಿದ ಸರಳಿನ ಮೇಲೆ ಅದನ್ನು ಸುರಿದರೆ ಕೆಲಸ ಮಾಡುವುದಿಲ್ಲ. ಮೊದಲು ಸೋಪು ನೀರಿನಲ್ಲಿ ತೊಳೆದು ನಂತರ ಒರೆಸಬೇಕು.

ಇಲ್ಲಿಯ ಬಿಸಿಲನ್ನು ಲೆಕ್ಕಕ್ಕೆ ಇಡದ ಯಾವ ನಿಯಮವೂ ಒಂದು ವಾರ ಬಾಳುವುದಿಲ್ಲ. ಏಪ್ರಿಲ್–ಮೇ ತಿಂಗಳ ಚಿತ್ರದುರ್ಗದಲ್ಲಿ ನಡುಮಧ್ಯಾಹ್ನ ಪಿಪಿಇ ಉಡುಪಿನೊಳಗೆ ನಿಂತು ಸಿಕ್ಕಿಕೊಂಡ ಕರುವನ್ನು ಎಳೆಯುವವರು ಬವಳಿ ಬಂದು ಬೀಳುವ ಸಂಭವವೇ ಹೆಚ್ಚು. ಯೋಜಿತ ಶಸ್ತ್ರಚಿಕಿತ್ಸೆಗಳನ್ನು ಬೆಳಗಿನ ಆರಕ್ಕೆ ಆರಂಭಿಸಿ ಹತ್ತರೊಳಗೆ ಮುಗಿಸುವುದು, ಮಧ್ಯಾಹ್ನವನ್ನು ಫೋನ್ ಸಲಹೆಗೆ ಮೀಸಲಿಡುವುದು ಒಳ್ಳೆಯದು. ಫೋನಿನಲ್ಲಿ ಮೊದಲು ಕೇಳಬೇಕಾದದ್ದು ಮೆಲುಕು ಹಾಕುತ್ತಿದೆಯೇ, ನೀರು ಕುಡಿಯುತ್ತಿದೆಯೇ, ಸಗಣಿ ಹೇಗಿದೆ, ಎಡ ಪಕ್ಕೆ ಉಬ್ಬಿದೆಯೇ, ಕರು ಹಾಕಿ ಎಷ್ಟು ದಿನವಾಯಿತು ಎಂಬ ಪ್ರಶ್ನೆಗಳನ್ನು. "ಡಾಕ್ಟ್ರೇ, ಸ್ವಲ್ಪ ಮೇವು ಬಿಟ್ಟೈತೆ ಅಷ್ಟೇ" ಎಂಬ ಮಾತಿನ ಹಿಂದೆ ಏನೆಲ್ಲ ಇರಬಹುದೆಂಬುದು ಅನುಭವಿಗಳಿಗೆ ಗೊತ್ತು, ಆದ್ದರಿಂದ ಫೋನಿಗೆ ಕೂರಿಸಬೇಕಾದದ್ದು ಹಿರಿಯರನ್ನೇ ಹೊರತು ಹೊಸಬರನ್ನಲ್ಲ. ಯಾವ ರೋಗಲಕ್ಷಣವೂ ಇಲ್ಲದೆ ರಾಸು ಹಠಾತ್ ಸತ್ತಿದೆ ಎಂಬ ಕರೆ ಬಂದರೆ ನೆರಡಿ ರೋಗವನ್ನು (ಆಂಥ್ರಾಕ್ಸ್) ನೆನೆದು, ಸತ್ತ ದನವನ್ನು ಕೊಯ್ಯಬಾರದೆಂದು ಆ ಕ್ಷಣವೇ ಹೇಳಬೇಕು.

ಮಳೆಗೆ ಮುಂಚಿನ ಲಸಿಕೆ

ನನ್ನ ದೃಷ್ಟಿಯಲ್ಲಿ ಮುಖ್ಯಸ್ಥರ ನಿಜವಾದ ಪರೀಕ್ಷೆ ಇಲ್ಲಿದೆ. ಕುರಿಗಳ ಕರುಳುಬೇನೆ, ದನಗಳ ಗಳಲೆ ರೋಗ ಮತ್ತು ಚಪ್ಪೆ ರೋಗಗಳಿಗೆ ಮುಂಗಾರಿಗೆ ಮುಂಚೆ, ಅಂದರೆ ಹೆಚ್ಚಾಗಿ ಮೇ ತಿಂಗಳ ಸುಮಾರಿಗೆ ಲಸಿಕೆ ಹಾಕಬೇಕು. ಕೋವಿಡ್‌ನ ಮೊದಲ ಲಾಕ್‌ಡೌನೂ ಎರಡನೇ ಅಲೆಯೂ ಇದೇ ತಿಂಗಳುಗಳ ಮೇಲೆ ಬಂದು ಕುಳಿತವು. ಮೊದಲ ಮಳೆಗೆ ಚಿಗುರಿದ ಎಳೆ ಹುಲ್ಲು ಮೇಯ್ದ ಕುರಿ ಕರುಳುಬೇನೆಯಿಂದ ರಾತ್ರಿ ಕಳೆಯುವುದರೊಳಗೆ ಸಾಯುತ್ತದೆ, ಚಿಕಿತ್ಸೆಗೆ ಸಮಯವೇ ಇರುವುದಿಲ್ಲ. ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮುರು, ಜಗಳೂರು ತಾಲ್ಲೂಕುಗಳಲ್ಲಿ ಕುರಿಯನ್ನೇ ನಂಬಿದ ಹಟ್ಟಿಗಳಿಗೆ ಆ ಒಂದು ಲಸಿಕೆ ತಪ್ಪಿದರೆ ಆಗುವ ನಷ್ಟವನ್ನು ಯಾವ ತುರ್ತು ಚಿಕಿತ್ಸೆಯೂ ತುಂಬಿಕೊಡುವುದಿಲ್ಲ. ಆದ್ದರಿಂದ ಹೊರರೋಗಿ ವಿಭಾಗವನ್ನು ಅರ್ಧ ದಿನ ಮುಚ್ಚಬೇಕಾಗಿ ಬಂದರೂ ಲಸಿಕಾ ತಂಡವನ್ನು ಹೊರಡಿಸಬೇಕೆಂದು ನಾನು ಹೇಳುತ್ತೇನೆ. ಇದನ್ನು ಒಪ್ಪದ ಸಹೋದ್ಯೋಗಿಗಳೂ ಇರುತ್ತಾರೆ.

ಊರ ಮುಂದೆ ಎಲ್ಲರನ್ನೂ ಸೇರಿಸುವ ಶಿಬಿರ ಸಲ್ಲದು. ಹಾಗೆಂದು ಮನೆ ಮನೆಗೆ ಹೋಗುವುದೂ ಸುಲಭವಲ್ಲ. ಕುರಿ–ಮೇಕೆಗಳ ಪಿಪಿಆರ್ ರೋಗದ ಲಸಿಕೆಯಂಥ ಒಣಗಿಸಿದ ಲಸಿಕೆಯನ್ನು ಒಮ್ಮೆ ದ್ರಾವಣದಲ್ಲಿ ಕರಗಿಸಿದರೆ ಅಲ್ಪ ಸಮಯದಲ್ಲೇ ಬಳಸಿ ಮುಗಿಸಬೇಕು. ನೂರು ಡೋಸಿನ ಸೀಸೆ ಒಡೆದು ಇಪ್ಪತ್ತು ಕುರಿಗಳಿರುವ ಮನೆಯಲ್ಲಿ ನಿಂತರೆ ಉಳಿದದ್ದು ವ್ಯರ್ಥವಾಗುತ್ತದೆ. ಇದಕ್ಕೆ ಪರಿಹಾರವೆಂದರೆ ಹಟ್ಟಿಯ ಹಿರಿಯರೊಬ್ಬರಿಗೆ ಹಿಂದಿನ ದಿನವೇ ಫೋನ್ ಮಾಡಿ ಯಾರ ರೊಪ್ಪದಲ್ಲಿ ಎಷ್ಟು ಕುರಿ ಇವೆ ಎಂದು ಬರೆದುಕೊಂಡು, ಒಂದು ಸೀಸೆಗೆ ಸರಿಹೊಂದುವಂತೆ ಅಕ್ಕಪಕ್ಕದ ರೊಪ್ಪಗಳನ್ನು ಜೋಡಿಸಿ, ಕುರಿಗಳು ಮೇಯಲು ಹೊರಡುವ ಮುನ್ನ ಬೆಳಗ್ಗೆ ರೊಪ್ಪದಿಂದ ರೊಪ್ಪಕ್ಕೆ ಸಾಗುವುದು. ಕುರಿಯನ್ನು ಮನೆಯವರೇ ಹಿಡಿಯಲಿ, ಲಸಿಕೆ ಹಾಕುವವರು ಒಬ್ಬರೇ ಇರಲಿ, ಲೆಕ್ಕ ಬರೆಯುವವರು ದೂರದಲ್ಲಿ ನಿಲ್ಲಲಿ. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉಳಿಯಬೇಕಾದ್ದರಿಂದ ಮಂಜುಗಡ್ಡೆಯ ಪೆಟ್ಟಿಗೆಯನ್ನು ಎರಡನೆಯ ಊರಿಗೆ ಹೊರಡುವ ಮುನ್ನ ತೆರೆದು ನೋಡುವ ಹೊಣೆಯನ್ನು ಒಬ್ಬರಿಗೆ ಹೆಸರಿಟ್ಟು ವಹಿಸಬೇಕು.

ಇಂಟರ್ನ್‌ಗಳು

ಪಶು ವೈದ್ಯಕೀಯದ ಬಿ.ವಿ.ಎಸ್ಸಿ. ಪದವಿಯಲ್ಲಿ ಒಂದು ವರ್ಷದ ಇಂಟರ್ನ್‌ಶಿಪ್ ಕಡ್ಡಾಯ. ಗುದದ ಮೂಲಕ ಕೈಹಾಕಿ ಗರ್ಭ ಪರೀಕ್ಷಿಸುವುದನ್ನು ಯಾವ ವಿಡಿಯೊ ನೋಡಿಯೂ ಕಲಿಯಲಾಗದು. ಆದ್ದರಿಂದ ಎಲ್ಲರನ್ನೂ ಮನೆಗೆ ಕಳಿಸಿ ಆನ್‌ಲೈನ್ ಪಾಠ ಮಾಡುವುದು ಅನಿವಾರ್ಯವಾದ ವಾರಗಳಿಗಷ್ಟೇ ಇರಲಿ. ನಾಲ್ಕು ಮಂದಿಯ ಗುಂಪಿಗೆ ಒಬ್ಬರೇ ಬೋಧಕರು, ಆ ಗುಂಪು ಕೊನೆಯವರೆಗೆ ಬದಲಾಗಬಾರದು, ಹಾಸ್ಟೆಲ್ಲಿನಲ್ಲೂ ಅವರು ಒಂದೇ ಕಡೆ ಇರಬೇಕು. ಮನೆಯಲ್ಲಿ ವಯಸ್ಸಾದವರು ಅಥವಾ ಕಾಯಿಲೆಯವರು ಇರುವ ವಿದ್ಯಾರ್ಥಿ ತಾನು ಬರಲಾರೆನೆಂದರೆ ಅಂಕ ಕಡಿತವಿಲ್ಲದೆ ಅದನ್ನು ಒಪ್ಪಿ, ಬಾಕಿ ದಿನಗಳನ್ನು ಮುಂದೆ ತುಂಬಿಸಿಕೊಳ್ಳುವ ಅವಕಾಶ ಕೊಡಬೇಕು. ಸಿಬ್ಬಂದಿ ಕಡಿಮೆಯಾದಾಗ ಇಂಟರ್ನ್‌ಗಳನ್ನು ಸಂಬಳವಿಲ್ಲದ ನೌಕರರಂತೆ ಬಳಸಿಕೊಳ್ಳುವ ಆಸೆ ಬಲವಾಗಿರುತ್ತದೆ. ಲಸಿಕೆಗೆ ಹೋದ ದಿನ ಅವರು ಕಲಿತದ್ದೇನೆಂಬುದು ದಿನಚರಿ ಪುಸ್ತಕದಲ್ಲಿ ಬರೆಯುವಂತಿರದಿದ್ದರೆ ಅಂಥ ಕೆಲಸಕ್ಕೆ ಅವರನ್ನು ಕಳಿಸಬಾರದು. ನಾಯಿ ಕಡಿತದ ಅಪಾಯವಿರುವ ಪ್ರತಿಯೊಬ್ಬರಿಗೂ ರೇಬೀಸ್ ಮುನ್ನೆಚ್ಚರಿಕೆ ಲಸಿಕೆ ಪೂರ್ಣಗೊಂಡಿರಬೇಕು, ಏಕೆಂದರೆ ಸಾಂಕ್ರಾಮಿಕದ ನಡುವೆ ಅದಕ್ಕಾಗಿ ಮನುಷ್ಯರ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವುದು ಕಷ್ಟ.

ಆದೇಶ, ವದಂತಿ, ನಿಯೋಜನೆ

ಕೇಂದ್ರ, ರಾಜ್ಯ, ಜಿಲ್ಲಾಡಳಿತ, ಇಲಾಖೆ, ವಿಶ್ವವಿದ್ಯಾಲಯ ಎಂದು ನಾಲ್ಕೈದು ಕಡೆಯಿಂದ ಸುತ್ತೋಲೆಗಳು ಬರುತ್ತವೆ. ಅವೆಲ್ಲವನ್ನೂ ಗುಂಪಿಗೆ ಕಳಿಸಿ ಕೈತೊಳೆದುಕೊಳ್ಳದೆ, ಓದಿ, ನಮ್ಮ ಆಸ್ಪತ್ರೆಯಲ್ಲಿ ಇಂದಿನಿಂದ ಬದಲಾಗುವುದೇನೆಂಬುದನ್ನು ಐದು ಸಾಲಿನಲ್ಲಿ ದಿನಾಂಕ, ಸಮಯ ಸಹಿತ ಬರೆದು, ಹಳೆಯ ಹಾಳೆಯನ್ನು ಕಿತ್ತುಹಾಕಿ ಹೊಸದನ್ನು ಅಂಟಿಸಬೇಕು. ಬೆಳಗಿನ ಸಭೆ ಹೊರಗೆ ನಿಂತೇ ನಡೆಯಲಿ, ಹತ್ತು ನಿಮಿಷ ಸಾಕು.

2020ರ ಆರಂಭದಲ್ಲಿ ಕೋಳಿ ತಿಂದರೆ ಕೊರೊನಾ ಬರುತ್ತದೆಂಬ ವದಂತಿಯಿಂದ ಕೋಳಿ ಬೆಲೆ ಕುಸಿಯಿತು, ಜೊತೆಗೆ ಹಕ್ಕಿಜ್ವರದ ಸುದ್ದಿಯೂ ಬಂದಿತು. ಎರಡು ರೋಗಗಳು ಒಟ್ಟಿಗೆ ಇದ್ದಾಗ ಎರಡರ ಬಗ್ಗೆಯೂ ಒಂದೇ ಪ್ರಕಟಣೆ ಕೊಟ್ಟರೆ ಜನ ಕಲಸಿಕೊಳ್ಳುತ್ತಾರೆ, ಬೇರೆ ಬೇರೆ ದಿನ ಬೇರೆ ಬೇರೆ ಹಾಳೆಯಲ್ಲಿ ಹೇಳಬೇಕು. 2021ರ ಮೇ ತಿಂಗಳಲ್ಲಿ ಹೈದರಾಬಾದಿನ ಮೃಗಾಲಯದ ಎಂಟು ಸಿಂಹಗಳಿಗೆ ಕೋವಿಡ್ ಸೋಂಕು ದೃಢಪಟ್ಟಾಗ ನಾಯಿ–ಬೆಕ್ಕುಗಳನ್ನು ಬೀದಿಗೆ ಬಿಡುವ ಯೋಚನೆ ಯಾರಿಗಾದರೂ ಬರುವುದು ಸಹಜವೇ. ಸೋಂಕಿತ ಮನುಷ್ಯರಿಂದ ಪ್ರಾಣಿಗೆ ಹರಡಿದ ಉದಾಹರಣೆಗಳಿವೆ, ಸಾಕುಪ್ರಾಣಿಗಳಿಂದ ಮನುಷ್ಯರಿಗೆ ಹರಡುವುದರಲ್ಲಿ ಅವುಗಳ ಪಾತ್ರ ದೊಡ್ಡದಲ್ಲ ಎಂದು ಸರಳವಾಗಿ ಹೇಳಿದರೆ ಸಾಕು. ಮನೆಯವರೆಲ್ಲ ಪ್ರತ್ಯೇಕವಾಸದಲ್ಲಿದ್ದರೆ ಹಸುವಿನ ಹಾಲು ಕರೆಯುವವರು ಯಾರು ಎಂಬ ಪ್ರಶ್ನೆ ಅದಕ್ಕಿಂತ ತುರ್ತಿನದು. ಹಾಲಿನ ಡೇರಿಯ ಕಾರ್ಯದರ್ಶಿಯ ಮೂಲಕ ನೆರೆಯವರೊಬ್ಬರನ್ನು ಗೊತ್ತುಮಾಡುವ ಏರ್ಪಾಡು ಮೊದಲೇ ಇರಬೇಕು.

ಸಿಬ್ಬಂದಿಯನ್ನು ಚೆಕ್‌ಪೋಸ್ಟಿಗೋ ಮನೆ ಸಮೀಕ್ಷೆಗೋ ನಿಯೋಜಿಸುವ ಆದೇಶ ಬಂದೇ ಬರುತ್ತದೆ. ಬೇಡವೆಂದು ವಾದಿಸಿದರೆ ಫಲವಿಲ್ಲ. ಆಸ್ಪತ್ರೆ ನಡೆಯಲು ಬೇಕಾದ ಕನಿಷ್ಠ ಸಿಬ್ಬಂದಿಯ ಪಟ್ಟಿ, ಲಸಿಕಾ ದಿನಾಂಕಗಳು, ಮನೆಯಲ್ಲಿರುವ ವಾರದ ತಂಡದಲ್ಲಿ ಎಷ್ಟು ಜನರನ್ನು ಬಿಟ್ಟುಕೊಡಬಹುದೆಂಬ ಲೆಕ್ಕ ಇವುಗಳನ್ನು ಜಿಲ್ಲಾಧಿಕಾರಿಗಳ ಕಚೇರಿಗೆ ಮೊದಲೇ ತಲುಪಿಸಿದ್ದರೆ ಆದೇಶವೂ ಆ ಪಟ್ಟಿಯನ್ನು ನೋಡಿಕೊಂಡು ಬರುವ ಸಾಧ್ಯತೆ ಹೆಚ್ಚು.

ಅಲೆ ಇಳಿದ ಮೇಲೆ ಬಾಕಿ ಕೆಲಸ ಒಮ್ಮೆಲೇ ನುಗ್ಗುತ್ತದೆ. ಮೊದಲು ಗರ್ಭ ಪರೀಕ್ಷೆ ಮತ್ತು ಬಂಜೆತನದ ಪ್ರಕರಣಗಳು, ನಂತರ ತಪ್ಪಿಹೋದ ಲಸಿಕೆಗಳು, ಕೊನೆಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಎಂಬ ಕ್ರಮದಲ್ಲಿ ದಿನಕ್ಕೆ ಇಷ್ಟೇ ಎಂದು ಮಿತಿ ಹಾಕಿ ಹಂಚಬೇಕು. ಆದರೆ ಕಾಲುಬಾಯಿ ಜ್ವರದ ಲಸಿಕೆಯ ಸುತ್ತು ತಪ್ಪಿದ್ದರೆ ಅದನ್ನು ಎಲ್ಲಕ್ಕಿಂತ ಮುಂದೆ ಇಡಬೇಕು. ಬಾಕಿ ತೀರಿಸುವ ತಿಂಗಳಲ್ಲಿ ಪ್ರತಿ ತಂಡಕ್ಕೂ ಸರದಿಯಂತೆ ನಾಲ್ಕು ದಿನದ ರಜೆಯನ್ನು ಪಟ್ಟಿಯಲ್ಲೇ ನಮೂದಿಸಿ, ಮುಖ್ಯಸ್ಥರು ತಮ್ಮ ಹೆಸರನ್ನೂ ಆ ಪಟ್ಟಿಗೆ ಸೇರಿಸಬೇಕು.